ಹತ್ತು ಪರವಾನಗಿ, ನೂರು ಕಂಪ್ಯೂಟರ್

ಪರವಾನಗಿಗೆ ನಮ್ಮ ಮನೆಯ ಉರ್ದುವಿನಲ್ಲಿ 'ಪರ್ವಾನಾ' ಎನ್ನುತ್ತೇವೆ. ಸಾಫ್ಟ್‌ವೇರ್‌ನ ಪರ್ವಾನಾ ಹಂಚುವ ಕಂಪ್ಯೂಟರೇ ಲೈಸೆನ್ಸ್ ಸರ್ವರ್.

ದೊಡ್ಡ ಲೆಕ್ಕಾಚಾರಕ್ಕೆ ಕ್ಲೌಡ್‌ನಲ್ಲಿ ನೂರು ಕಂಪ್ಯೂಟರ್ ಬಾಡಿಗೆಗೆ ಪಡೆದು ಒಟ್ಟಾಗಿ ದುಡಿಸಬಹುದು. ಈ ಗುಂಪೇ ಕ್ಲಸ್ಟರ್. ಆದರೆ ಕೊಂಡಿರುವುದು ಹತ್ತೇ ಪರವಾನಗಿ ಎಂದುಕೊಳ್ಳಿ. ಆಗ ಸರ್ವರ್ ನಮ್ಮ ಗ್ರಂಥಾಲಯದಂತೆ: ಒಬ್ಬರು ಹಿಂದಿರುಗಿಸಿದರೆ ಮಾತ್ರ ಇನ್ನೊಬ್ಬರಿಗೆ. ಹನ್ನೊಂದನೆಯ ಕಂಪ್ಯೂಟರ್ ಸುಮ್ಮನೆ ಕಾಯುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಅದಕ್ಕೇ ಕೆಲಸ ಹಂಚುವ ಸ್ಲರ್ಮ್‌ನಂಥ ಸಾಫ್ಟ್‌ವೇರ್‌ಗೆ ಪರವಾನಗಿಗಳ ಸಂಖ್ಯೆಯನ್ನು ಮೊದಲೇ ತಿಳಿಸಬೇಕು.

ಇನ್ನೊಂದು ತೊಡಕಿದೆ. ಫ್ಲೆಕ್ಸ್‌ಎಲ್‌ಎಂ ಪದ್ಧತಿಯಲ್ಲಿ ಲೈಸೆನ್ಸ್ ಫೈಲನ್ನು ಸಾಮಾನ್ಯವಾಗಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ ಕಟ್ಟಿರುತ್ತಾರೆ. ಕ್ಲೌಡ್‌ನಲ್ಲಿ ಸರ್ವರ್ ಅಳಿಸಿ ಹೊಸದು ಮಾಡಿದರೆ ಆ ವಿಳಾಸ ಬದಲಾಗಿ ಫೈಲ್ ಕೆಲಸಕ್ಕೆ ಬಾರದು. ಅಮೆಜಾನ್ ಕ್ಲೌಡ್‌ನಲ್ಲಿ ಇದಕ್ಕೆ ಪ್ರತ್ಯೇಕ ನೆಟ್‌ವರ್ಕ್ ಇಂಟರ್‌ಫೇಸ್ ಮಾಡಿಟ್ಟು, ಹೊಸ ಸರ್ವರ್‌ಗೆ ಅದನ್ನೇ ಜೋಡಿಸುತ್ತಾರೆ. ವಿಳಾಸ ಹಳೆಯದೇ ಉಳಿಯುತ್ತದೆ. 27000ರಿಂದ ಶುರುವಾಗುವ ಪೋರ್ಟ್‌ಗಳನ್ನು ಕ್ಲಸ್ಟರ್‌ಗೆ ಮಾತ್ರ ತೆರೆಯಬೇಕು, ಇಡೀ ಇಂಟರ್ನೆಟ್‌ಗಲ್ಲ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಕಂಡ ಲೆಕ್ಕ ಇಷ್ಟೇ: ಎಷ್ಟು ಕಂಪ್ಯೂಟರ್ ಬಾಡಿಗೆಗೆ ಬೇಕು ಎಂಬುದನ್ನು ಪರವಾನಗಿ ಎಣಿಸಿದ ಮೇಲೆ ತೀರ್ಮಾನಿಸಬೇಕು.