ತೆಂಗಿನಕಾಯಿಯ ಮಟ್ಟೆ, ಸಫಾರಿಯ ಮೂತಿ

ಅರಸೀಕೆರೆ ಕಡೆಯ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಬಹಳ ವರ್ಷ ದುಡಿದ ಹಳೆಯ ಟಾಟಾ ಸಫಾರಿಯನ್ನು ಕೊಟ್ಟು ಹೊಸ ಸಫಾರಿ ತರಬೇಕೆಂದಿದ್ದಾರೆ. ನೋಡಲು ಹೋದಾಗ ಜೊತೆಗಿದ್ದ ಮಾವನವರು ಬಾನೆಟ್ಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರಂತೆ. ತಗಡು ಒಳಕ್ಕೆ ತಗ್ಗಿ ಮತ್ತೆ ಮೇಲೆದ್ದಿತು. “ಹಳೇದು ಕಬ್ಬಿಣ, ಇದು ಡಬ್ಬ. ಗುದ್ದಿದ್ರೆ ಅಪ್ಪಚ್ಚಿ” ಎಂದು ಅವರು ಎದ್ದು ಬಂದರು. ಮನೆಯಲ್ಲಿ ಅಂದಿನಿಂದ ಅದೇ ಚರ್ಚೆ. ನಿಜವೇನು, ತಿಳಿಸಿ ಎಂದು ಕಾಗದ ಮುಗಿದಿದೆ.

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹೊಸ ರೂಪದ ಗಾಡಿ ಬಂದಾಗ ಎಲ್ಲರೂ ದೀಪ ನೋಡುತ್ತಾರೆ, ಪರದೆ ನೋಡುತ್ತಾರೆ, ಮೈಲೇಜ್ ಕೇಳುತ್ತಾರೆ. ಈ ಮಾವನವರು ಗುದ್ದಿದರೆ ಏನಾಗುತ್ತದೆ ಎಂದು ಕೇಳಿದ್ದಾರೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಒತ್ತಿ ನೋಡಿದ ಜಾಗ ಮಾತ್ರ ತಪ್ಪು.

ಸಫಾರಿಯ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1998ರಲ್ಲಿ ಬಂದ ಮೊದಲ ಸಫಾರಿ ಲಾರಿಯ ಹಾಗೆ ಚಾಸಿ ಬೇರೆ, ಮೈ ಬೇರೆ ಇದ್ದ ಗಾಡಿ. ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿ ಬೋಲ್ಟ್ ಹಾಕಿರುತ್ತಿದ್ದರು. 2021ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಪೂರ್ತಿ ಬೇರೆ ಗಾಡಿ. ಅದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ಇಡೀ ಮೈಯೇ ಎಲುಬುಗೂಡು. ಇದಕ್ಕೆ ಮಾನೊಕಾಕ್ ಎನ್ನುತ್ತಾರೆ. 2023ರ ಅಕ್ಟೋಬರಿನಲ್ಲಿ ಅದಕ್ಕೆ ಹೊಸ ರೂಪ ಕೊಟ್ಟರು. ಮುಂದೆ ಅಡ್ಡಕ್ಕೆ ಉದ್ದನೆಯ ದೀಪದ ಪಟ್ಟಿ, ಒಳಗೆ ದೊಡ್ಡ ಪರದೆ, ಎಲ್ಲ ಮಾದರಿಗಳಿಗೂ ಕನಿಷ್ಠ ಆರು ಗಾಳಿಚೀಲ. 2 ಲೀಟರಿನ ಡೀಸೆಲ್ ಎಂಜಿನ್ ಮೊದಲಿನದೇ. ಮಾವನವರ ಹೆಬ್ಬೆರಳು ಒತ್ತಿದ್ದು ಈ ಗಾಡಿಯನ್ನು.

ಈಗ ಗಾಡಿಯನ್ನು ಅಲ್ಲೇ ನಿಲ್ಲಿಸಿ ತೋಟಕ್ಕೆ ಹೋಗೋಣ. ಅರಸೀಕೆರೆಯವರಿಗೆ ತೋಟ ದೂರವಿಲ್ಲ.

ತೆಂಗಿನ ಮರದಿಂದ ಬಲಿತ ಕಾಯಿ ಬೀಳುವುದನ್ನು ಎಷ್ಟು ಸಲ ನೋಡಿದ್ದೀರಿ! ದೊಪ್ಪೆಂದು ಬೀಳುತ್ತದೆ, ಒಂದೆರಡು ಉರುಳು ಉರುಳುತ್ತದೆ, ನಿಲ್ಲುತ್ತದೆ. ಒಡೆಯುವುದಿಲ್ಲ. ಸುಲಿದರೆ ಒಳಗೆ ನೀರು ಕುಲುಕುತ್ತದೆ. 16 ಮೀಟರ್ ಎತ್ತರದ ಮರ, ಅಂದರೆ ನಮ್ಮ ಕಡೆಯ ಹಳೆಯ ತೋಟಗಳ ಸಾಧಾರಣ ಮರ, ಅಲ್ಲಿಂದ ಬಿದ್ದ ಕಾಯಿ ನೆಲ ಮುಟ್ಟುವಾಗ ಅದರ ವೇಗ ಎಷ್ಟು? ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಗಂಟೆಗೆ 64 ಕಿಲೋಮೀಟರ್. ಈ ಲೆಕ್ಕ ಮುಗಿಸಿದಾಗ ನನಗೆ ರೋಮಾಂಚನವಾಯಿತು. ಏಕೆಂದರೆ ನಮ್ಮ ದೇಶದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಎದುರಿನ ತಡೆಗೆ ಗುದ್ದಿಸುವುದೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲೇ. ತೋಟದಲ್ಲಿ ಬೀಳುವ ಪ್ರತಿ ಕಾಯಿಯೂ ಆ ಪರೀಕ್ಷೆಗೆ ಕೂರುತ್ತಿದೆ.

ನಾನು ಮನೆಯ ಎರಡನೇ ಮಹಡಿಯ ತಾರಸಿಯಿಂದ, ಸುಮಾರು 6 ಮೀಟರ್ ಎತ್ತರದಿಂದ, ಎರಡು ಕಾಯಿ ಬಿಟ್ಟು ನೋಡಿದೆ. ಕೆಳಗೆ ಸಿಮೆಂಟಿನ ಅಂಗಳ. ಸುಲಿದ ಕಾಯಿ ಟಪ್ಪೆಂದು ಮೂರು ಹೋಳಾಗಿ ನೀರೆಲ್ಲ ಅಂಗಳದ ಪಾಲಾಯಿತು. ಮಟ್ಟೆ ಸಹಿತ ಬಿಟ್ಟ ಕಾಯಿ ಮೊಣಕಾಲೆತ್ತರ ಪುಟಿದು ಗೋಡೆಗೆ ತಾಗಿ ನಿಂತಿತು. ಬಿದ್ದ ಕಡೆ ಮಟ್ಟೆ ಜಜ್ಜಿ ನಾರು ಈಚೆಗೆ ಬಂದಿತ್ತು. ಸುಲಿಸಿ ನೋಡಿದರೆ ಚಿಪ್ಪಿನ ಮೇಲೆ ಕೂದಲೆಳೆಯಷ್ಟೂ ಬಿರುಕಿಲ್ಲ. ಎರಡೂ ಕಾಯಿಯ ಚಿಪ್ಪು ಒಂದೇ ಗಟ್ಟಿ. ವ್ಯತ್ಯಾಸ ಇದ್ದದ್ದು ಹೊರಗಿನ ಮೆತ್ತನೆಯ ನಾರಿನಲ್ಲಿ. ಬೆರಳಲ್ಲಿ ಒತ್ತಿದರೆ ತಗ್ಗುವ ಆ ನಾರೇ ಕಾಯಿಯನ್ನು ಉಳಿಸಿತು.

ಒಳ್ಳೆಯ ಕಾರಿನ ಮೈ ಇದೇ ಕ್ರಮದಲ್ಲಿ ಇರುತ್ತದೆ. ಮುಂದಿನ ಮೂತಿ ಮಟ್ಟೆ. ಜನ ಕೂರುವ ಜಾಗ ಚಿಪ್ಪು. ಒಳಗಿನ ಕೊಬ್ಬರಿ, ನೀರು ನಾವು.

ಮಟ್ಟೆ ಮಾಡುವ ಕೆಲಸವನ್ನು ಅಂಕಿಯಲ್ಲಿ ನೋಡಿ. 64 ಕಿಲೋಮೀಟರ್ ವೇಗದ ಗಾಡಿ ಗುದ್ದಿದಾಗ ಮೂತಿ ಮಡಚಿಕೊಂಡು ಒಳಗಿನ ಮನುಷ್ಯ 60 ಸೆಂಟಿಮೀಟರ್ ದೂರದಲ್ಲಿ ನಿಂತರೆ, ಅವನ ಮೇಲೆ ಬೀಳುವ ಸರಾಸರಿ ಒತ್ತಡ ಅವನ ತೂಕದ 27 ಪಟ್ಟು. 60 ಕಿಲೋ ತೂಗುವವರ ಮೇಲೆ ಸುಮಾರು 1,600 ಕಿಲೋ. ಇದು ಭಯಂಕರವೇ, ಆದರೆ ಬೆಲ್ಟ್ ಕಟ್ಟಿದ ಆರೋಗ್ಯವಂತ ದೇಹ ಕ್ಷಣಾರ್ಧ ತಡೆದುಕೊಳ್ಳುತ್ತದೆ. ಮೂತಿ ಬಂಡೆಯಂತೆ ಗಟ್ಟಿಯಾಗಿದ್ದು 10 ಸೆಂಟಿಮೀಟರಿನಲ್ಲೇ ನಿಂತುಬಿಟ್ಟರೆ? ಅದೇ ಒತ್ತಡ 160 ಪಟ್ಟು. ಗಾಡಿಗೆ ಗೀರು ಬಿದ್ದಿರುವುದಿಲ್ಲ, ಒಳಗಿನವರು ಉಳಿದಿರುವುದಿಲ್ಲ. “ಗಾಡಿಗೆ ಏನೂ ಆಗಿಲ್ಲ, ಆದರೂ ಹೋಗ್ಬಿಟ್ರು” ಎಂದು ಹಿಂದಿನವರು ಹೇಳುತ್ತಿದ್ದ ಅಪಘಾತಗಳ ಗುಟ್ಟು ಇಲ್ಲಿದೆ. ಗಾಡಿಗೆ ಏನೂ ಆಗದಿದ್ದುದರಿಂದಲೇ ಅವರು ಹೋದದ್ದು.

ಈ ವಿಚಾರವನ್ನು ಕಾರಿಗೆ ತಂದವರು ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನ್ಯಿ. ಗಟ್ಟಿಯಾದದ್ದೇ ಕ್ಷೇಮ ಎಂದು ಜಗತ್ತೆಲ್ಲ ನಂಬಿದ್ದ ಕಾಲದಲ್ಲಿ, 1951ರಲ್ಲಿ, ಅವರು ಹಿಂದೆ ಮುಂದೆ ಮೆತ್ತಗೆ, ನಡುವೆ ಗಟ್ಟಿ ಎಂಬ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1959ರಲ್ಲಿ ಅದು ಮಾರುಕಟ್ಟೆಯ ಕಾರಿನಲ್ಲಿ ಬಂತು. ಅದೇ ವರ್ಷ ವೋಲ್ವೊದ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಸೀಟ್ ಬೆಲ್ಟ್ ಕೂಡ ರಸ್ತೆಗಿಳಿಯಿತು. ಅದೇ ವರ್ಷದ ಇನ್ನೊಂದು ಕಾರು ಅಮೆರಿಕದ ಶೆವರ್ಲೆ ಬೆಲ್ ಏರ್. ಉದ್ದನೆಯ ಮೂತಿ, ಹೊಳೆಯುವ ಕ್ರೋಮ್, ಪ್ರತ್ಯೇಕ ಚಾಸಿ. ನಮ್ಮ ಮಾವನವರು ಕಂಡರೆ ಮೆಚ್ಚುವಂಥ ಗಾಡಿ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯವರು ಆ 1959ರ ಬೆಲ್ ಏರ್ ಮತ್ತು 2009ರ ಶೆವರ್ಲೆ ಮಾಲಿಬು ಎರಡನ್ನೂ ತಲಾ 64 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಗುದ್ದಿಸಿದರು. ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹಳೆಯ ಗಾಡಿಯ ಕೂರುವ ಜಾಗವೇ ಕುಸಿದು, ಸ್ಟಿಯರಿಂಗ್ ಚಾಲಕ ಗೊಂಬೆಯ ಮೇಲೆ ನುಗ್ಗಿತು. ಮನುಷ್ಯನಾಗಿದ್ದರೆ ಬದುಕುತ್ತಿರಲಿಲ್ಲ. ಮಾಲಿಬುವಿನ ಮೂತಿ ಮುದ್ದೆಯಾಗಿತ್ತು, ಕೂರುವ ಜಾಗ ಹಾಗೇ ಇತ್ತು, ಗೊಂಬೆಗೆ ಪಾದದ ಹತ್ತಿರ ಪೆಟ್ಟು ಅಷ್ಟೇ. ಹಳೇದು ಕಬ್ಬಿಣ ಎನ್ನುವವರಿಗೆಲ್ಲ ಆ ವಿಡಿಯೋ ತೋರಿಸಬೇಕು.

ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ ಮುಂಭಾಗ ನಜ್ಜುಗುಜ್ಜಾದ ಎಸ್‌ಯುವಿಯೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೆಕ್ಯಾನಿಕ್ ಬಂಪರ್ ಬಿಚ್ಚಿ ಇಟ್ಟಿದ್ದ. ಬಂಪರಿನ ಹಿಂದೆ ಎರಡೂ ಬದಿಗೆ ಟೊಳ್ಳು ಉಕ್ಕಿನ ಡಬ್ಬಿಗಳಿರುತ್ತವೆ, ಗ್ಯಾರೇಜಿನವರು ಕ್ರಷ್ ಬಾಕ್ಸ್ ಎನ್ನುತ್ತಾರೆ. ಪೆಟ್ಟು ಬಿದ್ದ ಕಡೆಯ ಡಬ್ಬಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಕೂತಿತ್ತು. ಒಂದು ಮಡಿಕೆಯೂ ಓರೆಯಿಲ್ಲ. ಪೆಟ್ಟು ಬೀಳದ ಕಡೆಯ ಡಬ್ಬಿಯ ಮೇಲೆ ಬೆರಳಾಡಿಸಿದೆ. ಅಡ್ಡಡ್ಡ ಸಣ್ಣ ತಗ್ಗುಗೆರೆಗಳು ಸಿಕ್ಕವು. ಅವು ತಯಾರಿಕೆಯ ದೋಷವಲ್ಲ. ಇಲ್ಲಿಂದಲೇ ಮಡಚಿಕೊಳ್ಳಬೇಕು ಎಂದು ಎಂಜಿನಿಯರು ಬೇಕೆಂದೇ ಮಾಡಿಟ್ಟ ದುರ್ಬಲ ಜಾಗಗಳು. ಎಲ್ಲಿ ಸೋಲಬೇಕು, ಯಾವ ಕ್ರಮದಲ್ಲಿ ಸೋಲಬೇಕು ಎಂದು ಲೋಹಕ್ಕೆ ಮೊದಲೇ ಹೇಳಿಕೊಟ್ಟಿದ್ದಾರೆ! ಆ ಪಾಠ ಒಪ್ಪಿಸಲು ಅದಕ್ಕೆ ಸಿಗುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಆ ಗಾಡಿಯ ನಾಲ್ಕೂ ಬಾಗಿಲು ಸಲೀಸಾಗಿ ತೆರೆಯುತ್ತಿದ್ದವು. ಮೂತಿ ಇಲ್ಲವಾದ ಮೇಲೂ ಬಾಗಿಲು ತೆರೆಯುತ್ತದೆಂದರೆ ಚಿಪ್ಪು ಒಡೆದಿಲ್ಲ ಎಂದೇ ಅರ್ಥ.

ಚಿಪ್ಪಿನ ಉಕ್ಕಿನ ಬಗ್ಗೆಯೂ ಒಂದು ಮಾತು. ಇಂದಿನ ಕಾರುಗಳ ಬಾಗಿಲ ಕಂಬಗಳಲ್ಲಿ ಬೋರಾನ್ ಬೆರೆಸಿದ ಉಕ್ಕು ಬಳಸುತ್ತಾರೆ. ಹಾಳೆಯನ್ನು 900 ಡಿಗ್ರಿಗೂ ಮೇಲೆ ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಚ್ಚಿನೊಳಗೇ ಥಟ್ಟನೆ ತಣಿಸುತ್ತಾರೆ. ಕುಲುಮೆಯಲ್ಲಿ ಕಾದ ಕುಡುಗೋಲನ್ನು ನೀರಿಗೆ ಅದ್ದಿ ಹದ ಕೊಡುವ ಕೆಲಸವೇ ಇದು. ಹೀಗೆ ಹದವಾದ ಉಕ್ಕಿನ ಒಂದು ಚದರ ಮಿಲಿಮೀಟರ್ ಎಳೆ ಸುಮಾರು 150 ಕಿಲೋ ಎಳೆತ ತಾಳುತ್ತದೆ. ಸಾಧಾರಣ ಮೃದು ಉಕ್ಕು ತಾಳುವುದು ಅದರ ಐದನೇ ಒಂದು ಭಾಗದಷ್ಟು. ಇಂಥ ಕಂಬಗಳು ಬಂದ ಮೇಲೆ ಅಪಘಾತದಲ್ಲಿ ಸಿಲುಕಿದವರನ್ನು ಬಿಡಿಸುವ ರಕ್ಷಣಾ ತಂಡಗಳು ತಮ್ಮ ಕತ್ತರಿಗಳನ್ನೇ ಬದಲಿಸಬೇಕಾಯಿತು. ಈ ಉಕ್ಕು ಇರುವುದು ಪ್ಲಾಸ್ಟಿಕ್ ಮುಚ್ಚಿದ ಕಂಬದೊಳಗೆ. ನಿಮ್ಮ ಹೆಬ್ಬೆರಳಿಗೆ ಅದು ಸಿಗುವುದೇ ಇಲ್ಲ. ಸಿಗುವುದು ಬಾನೆಟ್ಟಿನ ಹೊರತಗಡು. ಅದು ಭಾರ ಹೊರುವ ಭಾಗವೇ ಅಲ್ಲ, ಮೇಲಾಗಿ ಅದು ತಗ್ಗಲೇಬೇಕು. ರಸ್ತೆ ದಾಟುವವರಿಗೆ ಗಾಡಿ ತಾಗಿ ಅವರ ತಲೆ ಬಾನೆಟ್ಟಿಗೆ ಬಡಿದಾಗ ಅದು ಮೆತ್ತಗೆ ತಗ್ಗಲಿ ಎಂದೇ ಕೆಳಗೆ ಜಾಗ ಬಿಟ್ಟಿರುತ್ತಾರೆ.

ಹಾಗಾದರೆ ಪ್ರತ್ಯೇಕ ಚಾಸಿಯ ಗಾಡಿಗಳೆಲ್ಲ ಕೆಟ್ಟವೇ? ಹಾಗೆನ್ನುವುದೂ ತಪ್ಪು. ಮಹೀಂದ್ರಾ ಸ್ಕಾರ್ಪಿಯೋ ನೋಡಿ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2016ರಲ್ಲಿ ಗುದ್ದಿಸಿ ಪರೀಕ್ಷಿಸಿದ, ಗಾಳಿಚೀಲವಿಲ್ಲದ ಹಳೆಯ ಮಾದರಿಗೆ ದೊಡ್ಡವರ ಸುರಕ್ಷೆಯಲ್ಲಿ ಸಿಕ್ಕಿದ್ದು ಐದರಲ್ಲಿ ಸೊನ್ನೆ ನಕ್ಷತ್ರ. 2022ರಲ್ಲಿ ಹೊಸದಾಗಿ ರೂಪಿಸಿದ ಸ್ಕಾರ್ಪಿಯೋ-ಎನ್‌ಗೂ ಏಣಿ ಚೌಕಟ್ಟೇ ಇದೆ, ಅದಕ್ಕೆ ಐದು ನಕ್ಷತ್ರ ಬಂತು. ಮಟ್ಟೆಯನ್ನೂ ಚಿಪ್ಪನ್ನೂ ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದಾರೆ ಎಂಬುದೇ ಮುಖ್ಯ. ಭಾರದ ಗಾಡಿಗೆ ಒಂದು ಅನುಕೂಲ ಇರುವುದೂ ನಿಜ. ಹಗುರ ಗಾಡಿಯೊಂದು ಎದುರು ಬಂದು ಗುದ್ದಿದರೆ ಭಾರದ್ದಕ್ಕೆ ಪೆಟ್ಟು ಕಡಿಮೆ. ಮರಕ್ಕೋ ಸೇತುವೆ ಗೋಡೆಗೋ ಗುದ್ದಿದಾಗ ಆ ಅನುಕೂಲ ಇಲ್ಲ.

ಹೊಸ ಸಫಾರಿಯ ಅಂಕಪಟ್ಟಿ ಹೇಳುತ್ತೇನೆ. ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಆರಂಭವಾಯಿತು. ಡಿಸೆಂಬರಿನಲ್ಲಿ ಅದರ ಮೊದಲ ಐದು ನಕ್ಷತ್ರ ಪಡೆದ ಗಾಡಿಗಳು ಸಫಾರಿ ಮತ್ತು ಟಾಟಾದ್ದೇ ಹ್ಯಾರಿಯರ್. ದೊಡ್ಡವರ ಸುರಕ್ಷೆಗೆ 32ಕ್ಕೆ 30.08, ಮಕ್ಕಳ ಸುರಕ್ಷೆಗೆ 49ಕ್ಕೆ 44.54. ಹಳೆಯ ಕಬ್ಬಿಣದ ಸಫಾರಿ ಇಂಥ ಪರೀಕ್ಷೆಗೆ ಕೂತಿದ್ದರೆ ಪಾಸಾಗುತ್ತಿತ್ತೆಂದು ನಾನು ನಂಬುವುದಿಲ್ಲ.

ಇಷ್ಟು ಒಳ್ಳೆಯ ಗಾಡಿ ತಂದು ಜನ ಮೊದಲು ಮಾಡುವ ಕೆಲಸ ಮುಂದೆ ಉಕ್ಕಿನ ಗಾರ್ಡ್ ಹಾಕಿಸುವುದು. ದಯವಿಟ್ಟು ಬೇಡ. ಅದು ಸುಲಿದ ಕಾಯಿಯನ್ನು ಕಲ್ಲಿಗೆ ಕಟ್ಟಿದ ಹಾಗೆ. ಪೆಟ್ಟು ತಿದಿಯಂತೆ ಮಡಚುವ ಡಬ್ಬಿಗಳಿಗೆ ತಲುಪದೆ ನೇರ ಒಳಕ್ಕೆ ಹೋಗುತ್ತದೆ, ಗಾಳಿಚೀಲದ ಸೆನ್ಸರಿಗೆ ಸಿಗುವ ಸುಳಿವೂ ತಪ್ಪುತ್ತದೆ, ಅಡ್ಡ ಬಂದವರ ಮೂಳೆ ಮುರಿಯುತ್ತದೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇವನ್ನು ತೆಗೆಸುವಂತೆ ರಾಜ್ಯಗಳಿಗೆ ಬರೆದಿದೆ. ಆದರೂ ಬಿಡಿಭಾಗದ ಅಂಗಡಿಗಳಲ್ಲಿ ಅವು ರಾಜಾರೋಷವಾಗಿ ತೂಗುತ್ತಿವೆ.

ಇನ್ನು ನಿಂಬೆಹಣ್ಣು, ಬೂದುಗುಂಬಳ. ಹೊಸ ಗಾಡಿಗೆ ಪೂಜೆ ಮಾಡಿ, ಮನೆಯವರೆಲ್ಲ ಸಂತೋಷಪಡಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ದೃಷ್ಟಿ ತೆಗೆದ ಕುಂಬಳಕಾಯನ್ನು ನಡುರಸ್ತೆಯಲ್ಲಿ ಒಡೆದು ಹೋಗುವುದು ಅನ್ಯಾಯ. ಆಯುಧಪೂಜೆಯ ಮರುದಿನ ಆ ಲೋಳೆಯ ಮೇಲೆ ಸ್ಕೂಟರು ಜಾರಿ ಬಿದ್ದವರನ್ನು ನಾನು ಕೈಹಿಡಿದು ಎಬ್ಬಿಸಿದ್ದೇನೆ. ಒಬ್ಬರ ಗಾಡಿಗೆ ಕ್ಷೇಮ ಕೋರಿ ಇನ್ನೊಬ್ಬರ ಮಂಡಿ ಒಡೆಯುವ ಆಚಾರವನ್ನು ಬಿಡಲೇಬೇಕು. ಇನ್ನೂ ಸಿಟ್ಟು ಬರಿಸುವುದು ಸೀಟ್ ಬೆಲ್ಟಿನ ಎಚ್ಚರಿಕೆಯ ಶಬ್ದ ನಿಲ್ಲಿಸಲು ಬಕಲ್ಲಿಗೆ ಸಿಕ್ಕಿಸುವ ಖಾಲಿ ಕ್ಲಿಪ್ಪು. ಕನ್ನಡಿಗೆ ನಿಂಬೆಹಣ್ಣು ಕಟ್ಟಿ, ಬಕಲ್ಲಿಗೆ ಕ್ಲಿಪ್ಪು ಹಾಕಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಂದೆಯನ್ನು ಕಂಡಾಗ ನನಗೆ ಮಾತೇ ಹೊರಡಲಿಲ್ಲ. ಮೂತಿ ಮಡಚಿ ಕೊಟ್ಟ ಆ 60 ಸೆಂಟಿಮೀಟರಿನ ಲಾಭ ಸಿಗುವುದು ಬೆಲ್ಟಿನಿಂದ ಗಾಡಿಗೆ ಅಂಟಿಕೊಂಡವರಿಗೆ ಮಾತ್ರ. ಬೆಲ್ಟ್ ಇಲ್ಲದ ದೇಹ ಗಾಡಿ ನಿಂತ ಮೇಲೂ ಮುಂದಕ್ಕೆ ಹಾರುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೂ ಇದೇ ನಿಯಮ.

ಒಂದು ಮಿತಿಯನ್ನೂ ತಿಳಿದಿರಿ. ರಾತ್ರಿ ಹೆದ್ದಾರಿಯಲ್ಲಿ ದೀಪವಿಲ್ಲದೆ ನಿಂತ ಲಾರಿಯ ಹಿಂಬದಿಗೆ ನುಗ್ಗಿದರೆ ಮೂತಿ ಲಾರಿಯಡಿ ತೂರಿಬಿಡುತ್ತದೆ. ಮಟ್ಟೆಗೆ ಕೆಲಸವೇ ಸಿಗದೆ ಪೆಟ್ಟು ಗಾಜಿಗೂ ಕಂಬಕ್ಕೂ ಬೀಳುತ್ತದೆ. ಐದು ನಕ್ಷತ್ರ ಅಲ್ಲಿ ಹೆಚ್ಚು ನೆರವಾಗುವುದಿಲ್ಲ.

ಅರಸೀಕೆರೆಯ ಮಿತ್ರರೇ, ಗಾಡಿ ತೆಗೆದುಕೊಳ್ಳಿ. ಅದಕ್ಕೆ ಮುಂಚೆ ಅಪ್ಪ ಅಮ್ಮನನ್ನು ಕರೆದೊಯ್ದು ಮೂರನೇ ಸಾಲಿಗೆ ಹತ್ತಿಸಿ ಇಳಿಸಿ ನೋಡಿ. ಮಂಡಿ ನೋವಿನವರಿಗೆ ಅದು ಕಷ್ಟವಾದರೆ ಮಕ್ಕಳನ್ನು ಅಲ್ಲಿ ಕೂರಿಸಿ, ಎಲ್ಲರಿಗೂ ಬೆಲ್ಟ್ ಕಟ್ಟಿಸಿ. ಮುಂದೆ ಗಾರ್ಡ್ ಹಾಕಿಸಬೇಡಿ. ಮಾವನವರಿಗೆ ಒಂದು ಲೆಕ್ಕ ತೋರಿಸಿ. 64 ಕಿಲೋಮೀಟರ್ ವೇಗಕ್ಕೆ 16 ಮೀಟರಿನ ಮರ ಸಾಕಾಯಿತು. ಹೆದ್ದಾರಿಯಲ್ಲಿ ನೀವು ಓಡಿಸುವ 100 ಕಿಲೋಮೀಟರ್ ವೇಗದಲ್ಲಿ ಕಾಯಿ ನೆಲಕ್ಕೆ ಬಡಿಯಬೇಕಾದರೆ ಮರ 39 ಮೀಟರ್ ಇರಬೇಕು. ಅಷ್ಟೆತ್ತರದ ತೆಂಗಿನ ಮರವನ್ನು ನಾನು ಯಾವ ತೋಟದಲ್ಲೂ ಕಂಡಿಲ್ಲ.