ಪೈ ಪ್ರಮಾಣದ ಚರಿತ್ರೆಯಲ್ಲಿ ‘ಆಸನ್ನ’ವೆಂಬ ಮಾತು

ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯು, ವೃತ್ತವು ಹಿರಿದಾಗಲಿ ಕಿರಿದಾಗಲಿ, ಒಂದೇ ಆಗಿರುತ್ತದೆ. ಈ ಸಂಖ್ಯೆಯನ್ನು ಪೈ ಎಂಬ ಗ್ರೀಕ್ ಅಕ್ಷರದಿಂದ ಮೊದಲು ಸೂಚಿಸಿದವನು ವಿಲಿಯಂ ಜೋನ್ಸ್, ಅದು 1706ರಲ್ಲಿ. ಆಯ್ಲರನ ಬರಹಗಳ ಮೂಲಕ ಆ ಸಂಕೇತವು ಸರ್ವತ್ರ ರೂಢಿಗೆ ಬಂದಿತು. ಅಕ್ಷರವು ಹೊಸದಾದರೂ ವಿಷಯವು ಅತಿ ಪ್ರಾಚೀನವಾದುದು. ಇದರ ಚರಿತ್ರೆಯನ್ನು ಬರೆಯುವವರು ಯಾರು ಯಾವ ಕಾಲದಲ್ಲಿ ಎಷ್ಟು ದಶಮಾಂಶ ಸ್ಥಾನಗಳನ್ನು ಕಂಡುಕೊಂಡರೆಂಬುದನ್ನು ಓಟದ ಪಂದ್ಯದಂತೆ ವರ್ಣಿಸುವುದೇ ಹೆಚ್ಚು. ಅಂಥ ನಿರೂಪಣೆಯಲ್ಲಿ ಒಂದು ಮುಖ್ಯ ಪ್ರಶ್ನೆ ಮರೆಯಾಗಿಬಿಡುತ್ತದೆ. ತಾನು ಕೊಟ್ಟ ಬೆಲೆಯು ನಿಜವಾದ ಬೆಲೆಯಿಂದ ಎಷ್ಟು ದೂರವಿದೆಯೆಂಬುದನ್ನು ಕೊಟ್ಟವನು ಬಲ್ಲನೇ? ಪ್ರಸ್ತುತ ಲೇಖನದಲ್ಲಿ ಈ ದೃಷ್ಟಿಯಿಂದ ಕೆಲವು ಘಟ್ಟಗಳನ್ನು ಮಾತ್ರ ವಿಚಾರಿಸಲಾಗುವುದು.

ಈಜಿಪ್ಟಿನ ರೈಂಡ್ ಪಪೈರಸ್ಸಿನಲ್ಲಿ, 9 ಮಾನ ವ್ಯಾಸವುಳ್ಳ ವೃತ್ತದ ಕ್ಷೇತ್ರಫಲವು 8 ಮಾನ ಬಾಹುವುಳ್ಳ ಚೌಕದ ಕ್ಷೇತ್ರಫಲಕ್ಕೆ ಸಮವೆಂದು ಹೇಳಿದೆ. ಇದರಿಂದ ಬರುವ ಬೆಲೆ 256/81, ಎಂದರೆ ಸುಮಾರು 3.1605. ಬಾಬಿಲೋನಿಯದವರು ಮೂರೂ ಎಂಟನೆಯ ಒಂದು ಭಾಗವನ್ನು ಬಳಸಿದ್ದುಂಟು. ಇವೆರಡೂ ಕಟ್ಟಡ, ಕಣಜಗಳ ಲೆಕ್ಕಕ್ಕೆ ಸಾಕಾಗುವಂಥವು. ಆದರೆ ದೋಷವು ಎಷ್ಟೆಂಬ ವಿಚಾರ ಇಲ್ಲಿ ಇನ್ನೂ ಹುಟ್ಟಿಲ್ಲ. ಆ ವಿಚಾರವು ಸ್ಪಷ್ಟವಾಗಿ ತಲೆದೋರುವುದು ಕ್ರಿ.ಪೂ. ಮೂರನೆಯ ಶತಮಾನದ ಆರ್ಕಿಮಿಡೀಸನಲ್ಲಿ. ವೃತ್ತದ ಒಳಗೊಂದು ಹೊರಗೊಂದು ಷಡ್ಭುಜವನ್ನಿಟ್ಟು, ಭುಜಗಳನ್ನು 12, 24, 48, 96 ಎಂದು ಇಮ್ಮಡಿಸುತ್ತ ಹೋಗಿ, ಪರಿಧಿಯು ವ್ಯಾಸದ 3 10/71ಕ್ಕಿಂತ ಹೆಚ್ಚು, 3 1/7ಕ್ಕಿಂತ ಕಡಿಮೆ ಎಂದು ಆತನು ಸಾಧಿಸಿದನು. ಶಾಲೆಯ ಮಕ್ಕಳೆಲ್ಲ ಬಲ್ಲ 22/7 ಎಂಬ ಬೆಲೆಯು ಆರ್ಕಿಮಿಡೀಸನ ಪಾಲಿಗೆ ಬೆಲೆಯಲ್ಲ, ಮೇಲಣ ಎಲ್ಲೆ. ಈ ವ್ಯತ್ಯಾಸವನ್ನು ನಮ್ಮ ಪಠ್ಯಪುಸ್ತಕಗಳು ಹೇಳದೆಯೇ ಬಿಡುತ್ತವೆ.

ಭಾರತದಲ್ಲಿ ಆರ್ಯಭಟನು ಕ್ರಿ.ಶ. 499ರ ಕಾಲದ ತನ್ನ ಗ್ರಂಥದಲ್ಲಿ, 20000 ವ್ಯಾಸವುಳ್ಳ ವೃತ್ತದ ಪರಿಧಿಯು 62832 ಎಂದು ಹೇಳಿ, ಅದಕ್ಕೆ ‘ಆಸನ್ನ’ ಎಂಬ ವಿಶೇಷಣವನ್ನು ಸೇರಿಸಿದನು. ಆಸನ್ನವೆಂದರೆ ಸಮೀಪದಲ್ಲಿರುವುದು. ಇದರಿಂದ ದೊರೆಯುವ 3.1416 ಎಂಬ ಬೆಲೆಯು ನಿಜಕ್ಕಿಂತ ಕೊಂಚ ಹೆಚ್ಚು. ಆತನು ಹೇಳಿದಷ್ಟು ದೊಡ್ಡ ವೃತ್ತದಲ್ಲಿ ಸಹ ಪರಿಧಿಯಲ್ಲಿ ತೋರುವ ಹೆಚ್ಚಳ ಸುಮಾರು 0.15 ಮಾತ್ರ. ಈ ಒಂದು ಪದವನ್ನಾಧರಿಸಿ, ಪೈ ಅಭಾಗಲಬ್ಧ ಸಂಖ್ಯೆಯೆಂಬುದನ್ನು ಆರ್ಯಭಟನೇ ಕಂಡಿದ್ದನೆಂದು ಹೇಳುವವರಿದ್ದಾರೆ. ಇದು ಪದಕ್ಕೆ ಅದು ಹೊರಲಾರದ ಭಾರವನ್ನು ಹೊರಿಸಿದಂತೆಯೇ ಸರಿ. ತನ್ನ ಬೆಲೆ ಪೂರ್ಣವಲ್ಲವೆಂದು ಆತನು ಬಲ್ಲವನಾಗಿದ್ದನು. ಪೂರ್ಣವಾದ ಬೆಲೆ ಅಸಾಧ್ಯವೆಂದು ಆತನೆಲ್ಲಿಯೂ ಹೇಳಿಲ್ಲ. ಇವೆರಡೂ ಬೇರೆ ಬೇರೆ ತಿಳಿವಳಿಕೆಗಳು.

ಆರ್ಯಭಟನ ಬಳಿಕ ಎಲ್ಲರೂ 3.1416ನ್ನೇ ಹಿಡಿದರೆಂದು ಭಾವಿಸಲಾಗದು. ಕನ್ನಡ ನಾಡಿನ ಗಣಿತದ ಓದುಗರಿಗೆ ಇಲ್ಲಿ ವಿಶೇಷ ಆಸಕ್ತಿಯ ಒಂದು ಸಮಸ್ಯೆಯಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥಾರಂಭದಲ್ಲಿ ಸ್ತುತಿಸಿರುವ ಮಹಾವೀರಾಚಾರ್ಯನು, ಒಂಬತ್ತನೆಯ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ, ವ್ಯವಹಾರಕ್ಕೆ 3 ಎಂಬ ಬೆಲೆಯನ್ನೂ ಸೂಕ್ಷ್ಮಗಣಿತಕ್ಕೆ 10ರ ವರ್ಗಮೂಲವನ್ನೂ ವಿಧಿಸುತ್ತಾನೆ. 628ರಲ್ಲಿ ಬ್ರಹ್ಮಗುಪ್ತನು ಹೇಳಿದ್ದೂ ಇದನ್ನೇ. ಜೈನ ಗ್ರಂಥಗಳಲ್ಲಿ ಈ ವರ್ಗಮೂಲವು ಅದಕ್ಕೂ ಹಿಂದಿನಿಂದ ಬಳಕೆಯಲ್ಲಿದ್ದಿತು. ಅದರ ಬೆಲೆ 3.1623, ಇದು 22/7ಕ್ಕಿಂತ ಸ್ಥೂಲವಾದುದು. ವ್ಯಾಸ 100 ಮೊಳವಾದರೆ ಪರಿಧಿಯು ವ್ಯವಹಾರದಲ್ಲಿ 300, ಸೂಕ್ಷ್ಮದಲ್ಲಿ 316.2, ವಾಸ್ತವದಲ್ಲಿ 314.16. ಆರ್ಯಭಟನಿಗಿಂತ ಮೂರು ಶತಮಾನಗಳ ಈಚಿನವನಾದ, ಲೆಕ್ಕದಲ್ಲಿ ಅಸಾಧಾರಣ ಕೌಶಲವಿದ್ದ ಆಚಾರ್ಯನು ಹೀಗೇಕೆ ಮಾಡಿದನು? ಪರಂಪರೆಯ ಮೇಲಣ ಗೌರವವೆಂದು ಒಂದು ಉತ್ತರವನ್ನು ಕೊಡಬಹುದು. ನಮಗೆ ತೋರುವಂತೆ, ಅಷ್ಟರಿಂದಲೇ ಪೂರ್ಣ ಸಮಾಧಾನವಾಗದು. ವರ್ಗಮೂಲಗಳ ಲೆಕ್ಕದಲ್ಲಿ ಪಳಗಿದವರಿಗೆ 62832/20000 ಎಂಬ ತೊಡಕಿನ ಭಿನ್ನರಾಶಿಗಿಂತ ‘ವ್ಯಾಸದ ವರ್ಗವನ್ನು ಹತ್ತರಿಂದ ಗುಣಿಸಿ ಮೂಲವನ್ನು ತೆಗೆ’ ಎಂಬ ವಿಧಿಯು ಹಿಡಿತಕ್ಕೆ ಸುಲಭವಾಗಿದ್ದಿರಬೇಕು. ಇಲ್ಲಿ ‘ಸೂಕ್ಷ್ಮ’ವೆಂಬುದು ಒಂದು ದರ್ಜೆಯ ಹೆಸರೇ ಹೊರತು ದೋಷದ ಅಳತೆಯಲ್ಲ. ಆದ್ದರಿಂದ ಈ ಬೆಲೆಯನ್ನು ಮುಂದಿಟ್ಟುಕೊಂಡು ಮಹಾವೀರಾಚಾರ್ಯನನ್ನು ಹಳಿಯುವುದು ಸಲ್ಲದು. ಅದನ್ನು ಮುಚ್ಚಿಡುವುದೂ ಸಲ್ಲದು.

1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನು 3927/1250ನ್ನು ಸೂಕ್ಷ್ಮವೆಂದೂ 22/7ನ್ನು ವ್ಯವಹಾರಯೋಗ್ಯವಾದ ಸ್ಥೂಲವೆಂದೂ ಹೇಳುತ್ತಾನೆ. ಮೊದಲನೆಯದು ಆರ್ಯಭಟನ ಬೆಲೆಯ ಸಂಕ್ಷಿಪ್ತ ರೂಪವೇ.

ದೋಷವನ್ನು ಅಳೆದು ತಿದ್ದುವ ವಿದ್ಯೆಯು ಭಾರತದಲ್ಲಿ ಪೂರ್ಣವಾಗಿ ಬೆಳೆದದ್ದು ಹದಿನಾಲ್ಕನೆಯ ಶತಮಾನದಲ್ಲಿ ಹುಟ್ಟಿದ, ಕೇರಳದ ಸಂಗಮಗ್ರಾಮದ ಮಾಧವ ಮತ್ತು ಆತನ ಶಿಷ್ಯಪರಂಪರೆಯಲ್ಲಿ. ವ್ಯಾಸವನ್ನು 1 ಎಂದಿಟ್ಟುಕೊಂಡರೆ ಪರಿಧಿಯು 4 − 4/3 + 4/5 − 4/7 + … ಎಂಬ ಅನಂತ ಶ್ರೇಢಿಗೆ ಸಮವೆಂದು ಅವರು ಕಂಡರು. ಯೂರೋಪಿನಲ್ಲಿ ಇದೇ ಶ್ರೇಢಿಯು ಹದಿನೇಳನೆಯ ಶತಮಾನದಲ್ಲಿ ಗ್ರೆಗೊರಿ, ಲೈಬ್ನಿಟ್ಸರಿಗೆ ತಿಳಿದುಬಂದಿತು. ನೋಡುವುದಕ್ಕೆ ಇಷ್ಟು ಸುಂದರವಾದ ಶ್ರೇಢಿಯು ಲೆಕ್ಕಕ್ಕೆ ಮಾತ್ರ ಬಹಳ ಸೋಮಾರಿ. ಹತ್ತು ಪದಗಳನ್ನು ಕೂಡಿಸಿದರೆ ದೊರೆಯುವುದು 3.0418, ಮೊದಲನೆಯ ದಶಮಾಂಶ ಸ್ಥಾನವೇ ತಪ್ಪು. ಹನ್ನೊಂದು ಸ್ಥಾನಗಳ ನಿಖರತೆ ಬೇಕಾದರೆ ಸುಮಾರು ಹತ್ತು ಸಾವಿರ ಕೋಟಿ ಪದಗಳನ್ನು ಕೂಡಿಸಬೇಕಾಗುತ್ತದೆ.

ಮಾಧವನ ಪರಂಪರೆಯವರ ಪ್ರತಿಭೆ ಬೆಳಗುವುದು ಇಲ್ಲಿಯೇ. ಶ್ರೇಢಿಯನ್ನು ಎಲ್ಲಿ ನಿಲ್ಲಿಸಿದರೆ ಎಷ್ಟು ಉಳಿಯುತ್ತದೆಂಬುದನ್ನು ಅವರು ವಿಚಾರಿಸಿದರು. ಆ ಶೇಷಕ್ಕೆ ಬದಲಾಗಿ ಕೊನೆಯಲ್ಲಿ ಸೇರಿಸುವ ತಿದ್ದುಪಡಿಯ ಪದಕ್ಕೆ ‘ಅಂತ್ಯಸಂಸ್ಕಾರ’ವೆಂದು ಹೆಸರು. (ಕನ್ನಡದಲ್ಲಿ ಈ ಮಾತಿಗೆ ಬೇರೆಯೇ ಅರ್ಥ ರೂಢವಾಗಿರುವುದರಿಂದ ಇಲ್ಲಿ ಬರಿದೆ ‘ಸಂಸ್ಕಾರ’ ಎನ್ನೋಣ.) ಹತ್ತು ಪದಗಳ ಉದಾಹರಣೆಯಲ್ಲಿ ಕೊನೆಯ ಛೇದ 19, ಅದರ ಮುಂದಿನ ಸಮಸಂಖ್ಯೆ 20, ಅದರ ಅರ್ಧ 10. ಮೊದಲನೆಯ ಸಂಸ್ಕಾರವು 4/40. ಇದನ್ನು ಸೇರಿಸಿದರೆ 3.14184 ಬರುತ್ತದೆ. ಎರಡನೆಯದರಲ್ಲಿ ಅರ್ಧವನ್ನು ಸಮಸಂಖ್ಯೆಯ ವರ್ಗಕ್ಕೆ 1 ಕೂಡಿಸಿ ಭಾಗಿಸಬೇಕು: 4 × 10/401. ಈಗ ಮೊತ್ತವು 3.141590. ಮೂರನೆಯದು ಇನ್ನೂ ಸೂಕ್ಷ್ಮ: 4 × 101/4050. ಮೊತ್ತವು 3.1415927, ಏಳನೆಯ ಸ್ಥಾನದವರೆಗೂ ಸರಿ. ಅದೇ ಹತ್ತು ಪದಗಳು. ಹೆಚ್ಚಿಗೆ ಸೇರಿದ್ದು ಒಂದೇ ಒಂದು ಪದ. ಐವತ್ತು ಪದಗಳಿಗೆ ಇದೇ ಮೂರನೆಯ ಸಂಸ್ಕಾರವನ್ನು ಮಾಡಿದರೆ ಉಳಿಯುವ ದೋಷವು 1ನ್ನು ಲಕ್ಷ ಕೋಟಿಯಿಂದ ಭಾಗಿಸಿದುದಕ್ಕಿಂತಲೂ ಕಡಿಮೆ. 900000000000 ವ್ಯಾಸದ ವೃತ್ತಕ್ಕೆ ಪರಿಧಿಯು 2827433388233 ಎಂದು ಮಾಧವನ ಹೆಸರಿನಲ್ಲಿ ಉಲ್ಲೇಖಿತವಾಗಿರುವ ಲೆಕ್ಕವು 3.14159265359 ಎಂಬ ಬೆಲೆಯನ್ನು ಕೊಡುತ್ತದೆ.

ಈ ಸಂಸ್ಕಾರಗಳು ಆಕಸ್ಮಿಕವಾಗಿ ಹೊಳೆದವಲ್ಲ. ಸುಮಾರು 1530ರಲ್ಲಿ ಜ್ಯೇಷ್ಠದೇವನು ಮಲೆಯಾಳದಲ್ಲಿ ಬರೆದ ‘ಯುಕ್ತಿಭಾಷಾ’ ಗ್ರಂಥವು ಪ್ರತಿಯೊಂದು ಸಂಸ್ಕಾರದ ‘ಸ್ಥೌಲ್ಯ’ವನ್ನು, ಎಂದರೆ ಅದರಲ್ಲಿ ಇನ್ನೂ ಉಳಿದಿರುವ ದೋಷವನ್ನು, ಗಣಿಸಿ ತೋರಿಸುತ್ತದೆ; ಆ ಸ್ಥೌಲ್ಯವನ್ನು ಕುಗ್ಗಿಸುವ ಯತ್ನದಿಂದಲೇ ಮುಂದಿನ ಸಂಸ್ಕಾರವು ಹುಟ್ಟುತ್ತದೆ.

ಇದೇ ಪರಂಪರೆಯ ನೀಲಕಂಠ ಸೋಮಯಾಜಿಯು ಆರ್ಯಭಟೀಯದ ಭಾಷ್ಯದಲ್ಲಿ ‘ಆಸನ್ನ’ ಪದವನ್ನೆತ್ತಿಕೊಂಡು, ನಿಜವಾದ ಬೆಲೆಯನ್ನು ಬಿಟ್ಟು ಸಮೀಪದ ಬೆಲೆಯನ್ನೇಕೆ ಹೇಳಿದೆಯೆಂದು ಕೇಳುತ್ತಾನೆ. ವ್ಯಾಸವನ್ನು ಶೇಷವಿಲ್ಲದೆ ಅಳೆಯುವ ಮಾನದಿಂದ ಪರಿಧಿಯನ್ನಳೆದರೆ ಶೇಷವುಳಿಯುತ್ತದೆ. ಪರಿಧಿಯನ್ನು ಶೇಷವಿಲ್ಲದೆ ಅಳೆದರೆ ವ್ಯಾಸದಲ್ಲಿ ಉಳಿಯುತ್ತದೆ. ಎಷ್ಟು ದೂರ ಹೋದರೂ ಶೇಷವು ಅಲ್ಪವಾಗಬಹುದೇ ಹೊರತು ಇಲ್ಲವಾಗದು ಎಂಬುದು ಆತನ ಉತ್ತರದ ತಾತ್ಪರ್ಯ. ಆರ್ಯಭಟನಿಂದ ಸಾವಿರ ವರ್ಷಗಳ ಬಳಿಕ ಬಂದ ಈ ಮಾತು ಅಭಾಗಲಬ್ಧತೆಯ ನಿಸ್ಸಂದಿಗ್ಧವಾದ ಹೇಳಿಕೆ, ಆದರೆ ಸಾಧನೆಯಲ್ಲ. ಅದನ್ನು ಸಾಧಿಸಿದವನು 1761ರಲ್ಲಿ ಲ್ಯಾಂಬರ್ಟ್. ಪೂರ್ಣಾಂಕ ಗುಣಕಗಳುಳ್ಳ ಯಾವ ಬೀಜಸಮೀಕರಣಕ್ಕೂ ಪೈ ಮೂಲವಾಗಲಾರದೆಂದು 1882ರಲ್ಲಿ ಲಿಂಡೆಮಾನನು ಸಾಧಿಸಿದಾಗ, ಅಳತೆಗೆರೆ ಕೈವಾರಗಳಿಂದ ವೃತ್ತವನ್ನು ಚೌಕವಾಗಿಸುವ ಪ್ರಾಚೀನ ಆಸೆಯೂ ಮುಗಿಯಿತು.

ಸ್ಥಾನಗಳ ಪಂದ್ಯವು ಮಾತ್ರ ನಿಲ್ಲಲಿಲ್ಲ. ವಿಲಿಯಂ ಶ್ಯಾಂಕ್ಸ್ ಎಂಬಾತನು 1873ರಲ್ಲಿ 707 ಸ್ಥಾನಗಳನ್ನು ಪ್ರಕಟಿಸಿದನು. 528ನೆಯ ಸ್ಥಾನದಿಂದ ಮುಂದೆ ಎಲ್ಲವೂ ಕೆಟ್ಟಿದೆಯೆಂದು ಫರ್ಗ್ಯುಸನ್ ಎಂಬ ಗಣಿತಜ್ಞನು ಪತ್ತೆಹಚ್ಚುವ ವೇಳೆಗೆ ಎಪ್ಪತ್ತು ವರ್ಷಗಳು ಕಳೆದಿದ್ದುವು. 1949ರಲ್ಲಿ ಎನಿಯಾಕ್ ಎಂಬ ವಿದ್ಯುದ್ಗಣಕವು 2037 ಸ್ಥಾನಗಳನ್ನು ಕೊಟ್ಟಿತು. 2022ರಲ್ಲಿ ಗಣನೆಯು ನೂರು ಲಕ್ಷ ಕೋಟಿ ಸ್ಥಾನಗಳನ್ನು ಮುಟ್ಟಿತು. ಶ್ರೀನಿವಾಸ ರಾಮಾನುಜನ್ ಅವರು 1914ರಲ್ಲಿ ಪ್ರಕಟಿಸಿದ, ಅತಿ ಶೀಘ್ರವಾಗಿ ಬೆಲೆಗೆ ಸಮೀಪಿಸುವ ಶ್ರೇಢಿಗಳ ಜಾತಿಯವೇ ಇಂದಿನ ಈ ಗಣನೆಗಳ ಆಧಾರ.

ಕೇರಳದ ಶ್ರೇಢಿಗಳನ್ನು ಚಾರ್ಲ್ಸ್ ವಿಷ್ 1830ರ ದಶಕದಲ್ಲಿಯೇ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂದಿಟ್ಟಿದ್ದರೂ ನೂರು ವರ್ಷ ಅದು ಹೆಚ್ಚಿನ ಗಮನವನ್ನು ಪಡೆಯಲಿಲ್ಲ. 1940ರ ದಶಕದಲ್ಲಿ ಸಿ. ಟಿ. ರಾಜಗೋಪಾಲ್ ಮೊದಲಾದವರ ಲೇಖನಗಳು ಬಂದುವು, 1948ರಲ್ಲಿ ಯುಕ್ತಿಭಾಷೆಯ ಗಣಿತಭಾಗವು ತ್ರಿಚೂರಿನಲ್ಲಿ ಅಚ್ಚಾಯಿತು, ಕೆ. ವಿ. ಶರ್ಮ ಅವರ ಇಂಗ್ಲಿಷ್ ಅನುವಾದವು 2008ರಲ್ಲಿ ಹೊರಬಂದಿತು. ಈಗ ಅನೇಕ ಪುಸ್ತಕಗಳು ಶ್ರೇಢಿಯೊಡನೆ ಮಾಧವನ ಹೆಸರನ್ನು ಸೇರಿಸುತ್ತಿವೆ. ಸಂಸ್ಕಾರಗಳ ವಿಷಯವನ್ನು ಹೇಳುವ ಪಠ್ಯಪುಸ್ತಕಗಳು ವಿರಳ. ಮೇಲಿನ ಹತ್ತು ಪದಗಳ ಲೆಕ್ಕವಾದರೋ ಒಂದು ತರಗತಿಯ ಅವಧಿಯೊಳಗೆ ಕರಿಹಲಗೆಯ ಮೇಲೆ ಮುಗಿಯುವಂಥದು.