ಆಂಡ್ರಾಯ್ಡ್ ಆ್ಯಪ್‌ನ ಬಣ್ಣಗಳು: ತಪ್ಪು ಕಲ್ಪನೆ ಮತ್ತು ಸತ್ಯ

ಆಂಡ್ರಾಯ್ಡ್ ಆ್ಯಪ್‌ಗೆ ಬೇಕಾದ ಬಣ್ಣಗಳನ್ನು ವ್ಯಾಲ್ಯೂಸ್ ಎಂಬ ಫೋಲ್ಡರಿನ ಎಕ್ಸ್‌ಎಂಎಲ್ ಫೈಲಿನಲ್ಲಿ ಒಂದೊಂದಕ್ಕೂ ಹೆಸರಿಟ್ಟು ಬರೆದಿಡಲಾಗುತ್ತದೆ. ಆ ಫೈಲಿಗೆ ಕಲರ್ಸ್ ಎಂದೇ ಹೆಸರಿರಬೇಕೆಂದು ಹಲವರು ತಿಳಿದಿರುತ್ತಾರೆ. ಅದು ಬರೀ ರೂಢಿ. ಫೈಲಿನ ಹೆಸರು ಏನಿದ್ದರೂ ನಡೆಯುತ್ತದೆ. ಕೋಡ್ ಹುಡುಕುವುದು ಬಣ್ಣದ ಹೆಸರನ್ನು.

ವೆಬ್‌ನಲ್ಲಿ ಬಳಸಿದ ಬಣ್ಣದ ಸಂಖ್ಯೆಯನ್ನು ಹಾಗೆಯೇ ಇಲ್ಲಿಗೂ ತರಬಹುದು ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಆರು ಅಂಕಿಯ ಸಂಖ್ಯೆ ಎರಡೂ ಕಡೆ ಒಂದೇ ಬಣ್ಣ ಕೊಡುತ್ತದೆ. ಪಾರದರ್ಶಕತೆ ಸೇರಿ ಎಂಟು ಅಂಕಿಯಾದರೆ ಲೆಕ್ಕ ಬದಲಾಗುತ್ತದೆ: ಅದನ್ನು ಹೇಳುವ ಆಲ್ಫಾ ಅಂಕಿಗಳು ಆಂಡ್ರಾಯ್ಡ್‌ನಲ್ಲಿ ಮೊದಲು, ವೆಬ್‌ನ ಸಿಎಸ್‌ಎಸ್‌ನಲ್ಲಿ ಕೊನೆಗೆ. ಹೀಗಾಗಿ #80000000 ಆಂಡ್ರಾಯ್ಡ್‌ನಲ್ಲಿ ಅರೆಪಾರದರ್ಶಕ ಕಪ್ಪು. ಬ್ರೌಸರಿನಲ್ಲಿ ಕಣ್ಣಿಗೆ ಏನೂ ಕಾಣದು. ಇಲ್ಲಿನ 80 ಶೇಕಡಾವಾರೂ ಅಲ್ಲ. ಹೆಕ್ಸ್ ಎಣಿಕೆಯಲ್ಲಿ ಅದು 128, ಅಂದರೆ 255ರ ಸುಮಾರು ಅರ್ಧ.

ಹೊಸಬರನ್ನು ಹೆಚ್ಚು ಸತಾಯಿಸುವ ತಪ್ಪು ಇನ್ನೊಂದು. ಕೋಡ್‌ನಲ್ಲಿ ಆರ್ ಡಾಟ್ ಕಲರ್ ಎಂದು ಬರೆದರೆ ಬಣ್ಣ ಸಿಕ್ಕಿತು ಎಂದುಕೊಳ್ಳುತ್ತಾರೆ. ಸಿಗುವುದು ಬಣ್ಣದ ಗುರುತಿನ ಸಂಖ್ಯೆ. ಗುರುತೂ ಬಣ್ಣವೂ ಪೂರ್ಣಾಂಕಗಳೇ ಆದ್ದರಿಂದ ಕಂಪೈಲರ್ ತಕರಾರು ಮಾಡದು. ಎಚ್ಚರಿಸುವುದು ಕೋಡ್ ಪರೀಕ್ಷಿಸುವ ಲಿಂಟ್ ಎಂಬ ಸಾಧನ ಮಾತ್ರ. ಆ್ಯಪ್‌ನ ಇಂಥ ಗುರುತುಗಳು ಸಾಮಾನ್ಯವಾಗಿ 7ಎಫ್‌ನಿಂದ ಶುರುವಾಗುತ್ತವೆ. ಅದನ್ನೇ ಬಣ್ಣವೆಂದು ಓದಿದರೆ ಪಾರದರ್ಶಕತೆ ಅರ್ಧದಷ್ಟು, ಉಳಿದ ಅಂಕಿಗಳು ಬಹುಪಾಲು ಸಣ್ಣವು. ಕೆಂಪು ಕೇಳಿದ ಕಡೆ ಮಂಕು ಕಪ್ಪು ಕಾಣುವುದಕ್ಕೆ ಕಾರಣ ಇದು. ಕಾಂಟೆಕ್ಸ್ಟ್‌ಕಂಪ್ಯಾಟ್‌ನ ಗೆಟ್‌ಕಲರ್ ಎಂಬ ಮೆಥಡ್ ಆ ಗುರುತಿನಿಂದ ನಿಜವಾದ ಬಣ್ಣವನ್ನು ತೆಗೆದುಕೊಡುತ್ತದೆ.

ಡಾರ್ಕ್ ಥೀಮ್‌ಗೆ ಪ್ರತಿ ಪರದೆಯಲ್ಲೂ ಬೇರೆ ಕೋಡ್ ಬೇಕೆಂಬುದೂ ಸುಳ್ಳು. 2019ರ ಆಂಡ್ರಾಯ್ಡ್ 10ರಲ್ಲಿ ಇಡೀ ಫೋನಿಗೆ ಅನ್ವಯಿಸುವ ಡಾರ್ಕ್ ಥೀಮ್ ಬಂತು. ಅದಕ್ಕೆ ಹೊಂದುವ ಥೀಮ್ ಬಳಸಿ, ವ್ಯಾಲ್ಯೂಸ್-ನೈಟ್ ಫೋಲ್ಡರಿನಲ್ಲಿ ಅದೇ ಹೆಸರಿಗೆ ಬೇರೆ ಬಣ್ಣ ಕೊಟ್ಟರೆ ಆಯ್ಕೆಯನ್ನು ವ್ಯವಸ್ಥೆಯೇ ಮಾಡುತ್ತದೆ. ಆದರೆ ‘ಬಿಳಿ’ ಎಂದು ಹೆಸರಿಟ್ಟಿದ್ದರೆ ರಾತ್ರಿ ಅದರೊಳಗೆ ಕಪ್ಪು ಕೂತಿರುತ್ತದೆ, ಮುಂದೆ ಕೋಡ್ ಓದುವವರಿಗೆ ಪೀಕಲಾಟ. ‘ಹಿನ್ನೆಲೆ’, ‘ಮುಖ್ಯ ಅಕ್ಷರ’ ಎಂದು ಕೆಲಸದ ಮೇಲೆ ಹೆಸರಿಡುವುದೇ ಲೇಸು.

ಒತ್ತಿದಾಗ ಬಣ್ಣ ಬದಲಿಸುವ ಬಟನ್‌ಗೆ ಕಲರ್ ಸ್ಟೇಟ್ ಲಿಸ್ಟ್, ಅಂದರೆ ಯಾವ ಸ್ಥಿತಿಗೆ ಯಾವ ಬಣ್ಣ ಎಂದು ಸಾಲುಸಾಲಾಗಿ ಹೇಳುವ ಪಟ್ಟಿ ಬೇಕು. ಅದು ಕಲರ್ ಎಂಬ ಬೇರೆಯೇ ಫೋಲ್ಡರಿನಲ್ಲಿರುತ್ತದೆ. ವ್ಯವಸ್ಥೆ ಅದರಲ್ಲಿ ಅತ್ಯಂತ ಸೂಕ್ತವಾದ ಸಾಲನ್ನು ಹುಡುಕಿ ಆರಿಸುವುದಿಲ್ಲ. ಮೇಲಿನಿಂದ ಓದುತ್ತ, ಹೊಂದುವ ಮೊದಲ ಸಾಲಿಗೇ ನಿಲ್ಲುತ್ತದೆ. ಯಾವ ಸ್ಥಿತಿಯನ್ನೂ ಹೇಳದ ಸಾಲು ಎಲ್ಲಕ್ಕೂ ಹೊಂದುವುದರಿಂದ ಅದನ್ನು ಕೊನೆಯಲ್ಲಿ ಬರೆಯಬೇಕು.